ಲಕ್ಷ್ಮಿದೇವಮ್ಮನವರ ಸಂಡಿಗೆ ಗ್ರೌಂಡು

ಲಕ್ಷ್ಮಿದೇವಮ್ಮನವರ ಬಗ್ಗೆ ಯಾಕೆ ಬರೆಯುತ್ತಿದ್ದೇನೆ ಅಂದರೆ, ಬೆಂಗಳೂರಿನ ಹುಳಿಮಾವಿನ ಒಂದು ಕಾಲೇಜು ಇವತ್ತು ಮುಚ್ಚದೆ ಉಳಿದಿರುವುದು ಅವರಿಂದ. ಕಾಲೇಜಿನವರು ಇದನ್ನು ಎಲ್ಲೂ ಹೇಳುವುದಿಲ್ಲ. ಅವರೂ ಹೇಳಿಕೊಳ್ಳುವುದಿಲ್ಲ. ಯಾರಾದರೂ ಒಬ್ಬರು ಹೇಳಬೇಕಲ್ಲ, ಅದಕ್ಕೆ ನಾನು ಹೇಳುತ್ತಿದ್ದೇನೆ. ನಾನು ಆ ಕಾಲೇಜಿನ ವ್ಯಾನ್ ಡ್ರೈವರ್. ಕೆಲಸ ಇನ್ನೂ ಅಲ್ಲೇ ಇರುವುದರಿಂದ ಕಾಲೇಜಿನ ಹೆಸರು ಹಾಕುವುದಿಲ್ಲ.

ಲಕ್ಷ್ಮಿದೇವಮ್ಮ ಹುಟ್ಟಿದ್ದು ಯಡಿಯೂರಿನಲ್ಲಿ, ಮದುವೆಯಾಗಿ ಬಂದದ್ದು ಹುಳಿಮಾವಿಗೆ. ಬಂದಾಗ ಗಂಡನ ಮನೆಯವರಿಗೆ ರಾಗಿ ಹೊಲ, ಅವರೆ ಹೊಲ ಇತ್ತಂತೆ. ಹೊಲ ಒಂದೊಂದಾಗಿ ರಸ್ತೆಯಾಯಿತು, ಲೇಔಟ್ ಆಯಿತು, ಅಪಾರ್ಟ್‌ಮೆಂಟ್ ಆಯಿತು. ಯಜಮಾನರು ತೀರಿಕೊಂಡ ಮೇಲೆ ಉಳಿದದ್ದು ಬಾಡಿಗೆಗೆ ಬಿಟ್ಟ ನಾಲ್ಕು ಮಹಡಿಯ ಬಿಲ್ಡಿಂಗ್, ಅದರ ಹಿಂದೆ ತಾವಿರುವ ಹಳೆ ಮನೆ, ರಸ್ತೆಯಾಚೆ ಅರ್ಧ ಎಕರೆ ಖಾಲಿ ಜಾಗ. ಜಾಗ ಅವರ ಹೆಸರಿನಲ್ಲೇ ಇದೆ. ಮಗ ಮನೋಜ್ ಸೈಟ್ ಕೊಡಿಸುವ, ಮಾರಿಸುವ ಕೆಲಸ ಮಾಡುತ್ತಾನೆ. ಊರವರ ಸೈಟನ್ನೆಲ್ಲ ಮಾರಿಸಿದವನಿಗೆ ಮನೆಯ ಅರ್ಧ ಎಕರೆ ಮಾತ್ರ ಮಾರಿಸಲು ಆಗಿಲ್ಲ.

ಆ ಜಾಗ ಯಾಕೆ ಇಟ್ಟುಕೊಂಡಿದ್ದೀರಿ ಅಂತ ಕೇಳಿದರೆ ಲಕ್ಷ್ಮಿದೇವಮ್ಮ ಬಿಸಿಲಿಗೆ ಅನ್ನುತ್ತಾರೆ. ತಮಾಷೆಗಲ್ಲ. ಮನೆ ಮುಂದೆ ನಾಲ್ಕು ಮಹಡಿ ಎದ್ದ ಮೇಲೆ ಅಂಗಳಕ್ಕೆ ಬಿಸಿಲು ಬಿದ್ದಿಲ್ಲ. "ನಾನೇ ಕಟ್ಟಿಸಿದ ಬಿಲ್ಡಿಂಗು, ನನ್ನ ಬಿಸಿಲ್ನೇ ತಿನ್ಕೊಂಡ್ತು" ಅನ್ನುತ್ತಾರೆ. ಅವರಿಗೆ ಬಿಸಿಲಿಲ್ಲದೆ ಆಗುವುದಿಲ್ಲ. ಯಾವಾಗಲೂ ಏನಾದರೂ ಒಣಗುತ್ತಿರಬೇಕು. ಚಳಿಗಾಲದಲ್ಲಿ ಅವರೆಕಾಳು, ಆಮೇಲೆ ಹುಣಸೆಹಣ್ಣು, ಮೆಣಸಿನಕಾಯಿ, ಬೇಸಿಗೆಯಲ್ಲಿ ಅಕ್ಕಿ ಸಂಡಿಗೆ, ಹಪ್ಪಳ. ಮಳೆಗಾಲದಲ್ಲಿ ಮೋಡ ಸ್ವಲ್ಪ ಸರಿದರೂ ಸಾಕು, ರಾಗಿಯನ್ನಾದರೂ ತಂದು ಹರಡಿಬಿಡುತ್ತಾರೆ. ಮನೆಯಲ್ಲಿ ತಿನ್ನುವವರು ಕಡಿಮೆ. ಒಣಗಿಸಿದ್ದನ್ನೆಲ್ಲ ಬಾಡಿಗೆಯವರಿಗೆ ಹಂಚುತ್ತಾರೆ. ಆ ಬಿಲ್ಡಿಂಗಿನಲ್ಲಿರುವ ಬಿಹಾರದ ಹುಡುಗರಿಗೆ ಕನ್ನಡ ಬರುವುದಿಲ್ಲ, ಸಂಡಿಗೆ ಕರಿಯಲು ಬರುತ್ತದೆ.

ಕಾಲೇಜು ಇರುವುದು ಪಕ್ಕದ ರಸ್ತೆಯಲ್ಲಿ. ಕೆಳಗೆ ಬೇಕರಿ, ಹಾರ್ಡ್‌ವೇರ್ ಅಂಗಡಿ. ಮೇಲಿನ ಮಹಡಿಗಳು ಕಾಲೇಜು. ಬಿ.ಕಾಂ. ಕ್ಲಾಸಿಗೆ ಬನ್ ಬೇಯುವ ವಾಸನೆ, ಬಿ.ಬಿ.ಎ. ಕ್ಲಾಸಿಗೆ ಪೈಪ್ ಕೊಯ್ಯುವ ಸದ್ದು. ಸೇರುವವರು ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿದ್ದರು. ನನ್ನ ವ್ಯಾನಿನಲ್ಲಿ ಮೊದಲು ನಿಂತುಕೊಂಡು ಬರುತ್ತಿದ್ದರು. ಆಮೇಲೆ ಎಲ್ಲರಿಗೂ ಸೀಟು ಸಿಕ್ಕಿತು. ಆಮೇಲೆ ಅವರ ಬ್ಯಾಗಿಗೂ ಒಂದೊಂದು ಸೀಟು ಸಿಕ್ಕಿತು. ಚೇರ್ಮನ್ ವಸಿಷ್ಠ ಸಾರ್ ಕಾಲೇಜು ಮುಚ್ಚಿ ಪಾರ್ಟಿ ಹಾಲ್ ಮಾಡುವ ಯೋಚನೆಯಲ್ಲಿದ್ದರು. ಕೆಟ್ಟ ಮನುಷ್ಯರಲ್ಲ. ಆದರೆ ಒಂದು ಖರ್ಚಿನಲ್ಲಿ ಎರಡು ಕೆಲಸ ಆಗಬೇಕು ಅವರಿಗೆ. ಸ್ವಾತಂತ್ರ್ಯ ದಿನಾಚರಣೆಗೆ ತಂದ ಲಾಡು ಉಳಿಸಿ ಶಿಕ್ಷಕರ ದಿನಾಚರಣೆಗೆ ಕೊಟ್ಟದ್ದನ್ನು ನಾನೇ ತಿಂದಿದ್ದೇನೆ.

ಆ ಹೊತ್ತಿಗೆ ಬಂದವರು ಸಂಘಮಿತ್ರಾ ಮೇಡಂ. ಬನಶಂಕರಿ ಹತ್ತಿರದ ಶ್ರೀನಗರದವರು, ಆಟ ಆಡಿಸುವ ಟೀಚರ್. ಮೊದಲ ದಿನವೇ ಗ್ರೌಂಡ್ ಎಲ್ಲಿ ಅಂತ ಕೇಳಿದರು. ಚೇರ್ಮನ್ ಸಾರ್ ಕಿಟಕಿಯಿಂದ ಸ್ಕೂಟರ್ ನಿಲ್ಲಿಸುವ ಜಾಗ ತೋರಿಸಿ, ಭಾನುವಾರ ಖಾಲಿ ಇರುತ್ತದೆ ಅಂದರು. ಮೇಡಂ ಕೆಳಗಿಳಿದು ನನ್ನನ್ನು ಕರೆದುಕೊಂಡು ರಸ್ತೆ ರಸ್ತೆ ತಿರುಗಿದರು. ಕೊನೆಗೆ ಲಕ್ಷ್ಮಿದೇವಮ್ಮನವರ ಅರ್ಧ ಎಕರೆ ಮುಂದೆ ನಿಂತರು.

ಲಕ್ಷ್ಮಿದೇವಮ್ಮ ಹಳೆ ಸೀರೆ ಹಾಸಿ ಮೆಣಸಿನಕಾಯಿ ಹರಡುತ್ತಿದ್ದರು. ಹುಡುಗಿಯರಿಗೆ ಖೋ ಖೋ ಆಡಿಸಲು ದಿನಾ ಮಧ್ಯಾಹ್ನ ಮೂರರ ಮೇಲೆ ಜಾಗ ಬೇಕು, ಬಾಡಿಗೆ ಏನು ಕೊಡಬೇಕು ಅಂತ ಮೇಡಂ ಕೇಳಿದರು. ಅವರು ತಲೆ ಎತ್ತಲಿಲ್ಲ.

"ಆಡ್ಕೊಳ್ಲಿ ಬುಡವ್ವ. ಬಾಡಿಗೆ ಎಲ್ಲ ಬ್ಯಾಡ. ನನ್ನ ಮೆಣಸಿನಕಾಯಿ ತುಳೀಬಾರ್ದು."

"ನೀವು ಒಂದು ಸೈಡಿಗೆ ಹಾಕೊಳ್ತೀರಾ ಅಮ್ಮ? ನಾವು ಮಧ್ಯದಲ್ಲಿ ಕಂಬ ನೆಡ್ತೀವಿ."

"ಸೈಡಲ್ಲಿ ಬಿಸಿಲೆಲ್ಲೈತೆ? ಮೂರು ಗಂಟೆ ಮೇಲೆ ಬಿಸಿಲು ಬೀಳೋದೇ ಮಧ್ಯದಲ್ಲಿ. ನೀವು ಕಂಬ ನೆಡಿ, ನಾನು ಹರಡ್ಕೊತೀನಿ. ನಿಮ್ಮ ಹುಡುಗೀರ್ಗೆ ಕಣ್ಣಿಲ್ವಾ?"

ಅವರು ಹೇಳಿದ್ದು ನಿಜ. ಜಾಗದ ಸುತ್ತ ಅಪಾರ್ಟ್‌ಮೆಂಟ್. ಮಧ್ಯಾಹ್ನದ ಮೇಲೆ ಅವುಗಳ ನೆರಳು ಎಲ್ಲ ಕಡೆಯಿಂದ ಮುತ್ತಿಕೊಂಡು ಬಿಸಿಲಿಗೆ ಒಂದು ಪಟ್ಟಿ ಮಾತ್ರ ಬಿಡುತ್ತದೆ. ಆ ಪಟ್ಟಿಯೂ ನಿಂತಲ್ಲಿ ನಿಲ್ಲುವುದಿಲ್ಲ. ಅದು ಸರಿದ ಹಾಗೆ ಲಕ್ಷ್ಮಿದೇವಮ್ಮ ಸೀರೆಯನ್ನೂ ಎಳೆಯುತ್ತಾರೆ. ಹುಡುಗಿಯರು ಎರಡು ಕಂಬದ ನಡುವೆ ಸಾಲಾಗಿ ಕೂತಿರುತ್ತಾರೆ, ಅವರ ಕೈಗೆ ಸಿಗದೆ ಓಡುವವರು ಓಡುತ್ತಿರುತ್ತಾರೆ. ಇವರು ಅದರ ಮಧ್ಯೆಯೇ ಬಗ್ಗಿಕೊಂಡು ಸೀರೆ ಎಳೆಯುತ್ತಿರುತ್ತಾರೆ. ಹೋಗುವಾಗ ಖಾಲಿ ಇದ್ದ ನೆಲದಲ್ಲಿ ಬರುವಾಗ ಹುಣಸೆಹಣ್ಣು ಇರುತ್ತಿತ್ತು.

ತುಳಿದವರಿಗೆ ಶಿಕ್ಷೆ ಇತ್ತು. ಮಾರನೇ ದಿನ ಆಟ ಇಲ್ಲ. ಕೋಲು ಹಿಡಿದು ಕಾಗೆ ಓಡಿಸಬೇಕು. ಕ್ಯಾಪ್ಟನ್ ಅಂಜನಾ ಮೊದಮೊದಲು ಆಡಿದ್ದಕ್ಕಿಂತ ಕಾಗೆ ಓಡಿಸಿದ್ದೇ ಜಾಸ್ತಿ. ಜೋರಾಗಿ ಓಡುವ ಹುಡುಗಿ, ಆದರೆ ನಿಲ್ಲಲು ಬರುತ್ತಿರಲಿಲ್ಲ. ಕಂಬದ ಕಡೆಯಿಂದ ಹೊರಟರೆ ಸೀದಾ ಸಂಡಿಗೆಯ ಮೇಲೆ. ಲಕ್ಷ್ಮಿದೇವಮ್ಮ ಅವಳಿಗೆ ರೋಡ್ ರೋಲರ್ ಅಂತ ಹೆಸರಿಟ್ಟಿದ್ದರು. ಮೇಡಂ ಎದುರಿಗೇ ಕರೆಯುತ್ತಿದ್ದರು. ಮೇಡಂ ಮುಖ ಆ ಕಡೆ ತಿರುಗಿಸಿ ನಗುತ್ತಿದ್ದರು.

ಕಾಗೆ ಓಡಿಸುವ ಬೇಜಾರಿಗೋ ಏನೋ, ಹುಡುಗಿಯರ ಕಾಲಿಗೆ ಕಣ್ಣು ಬಂದ ಹಾಗಾಯಿತು. ಓಡುತ್ತ ಓಡುತ್ತ ಗಕ್ಕನೆ ನಿಲ್ಲುತ್ತಿದ್ದರು. ನಿಂತ ಕಾಲಲ್ಲೇ ತಿರುಗುತ್ತಿದ್ದರು. ಮುಂದೆ ಇಟ್ಟ ಕಾಲನ್ನು ಗಾಳಿಯಲ್ಲೇ ವಾಪಸ್ ತೆಗೆದುಕೊಳ್ಳುತ್ತಿದ್ದರು. ಎರಡನೇ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ಲಕ್ಷ್ಮಿದೇವಮ್ಮನವರಿಗೆ ಕಾಗೆ ಓಡಿಸಲು ಯಾರೂ ಸಿಗಲಿಲ್ಲ. ತಪ್ಪು ಮಾಡಿ ಸ್ವಲ್ಪ ಅಂತ ಅವರೇ ಗೊಣಗುತ್ತಿದ್ದರು.

ಆ ಚಳಿಗಾಲ ಯೂನಿವರ್ಸಿಟಿ ಟೂರ್ನಮೆಂಟ್. ನಮ್ಮ ಕಾಲೇಜಿನ ಹೆಸರನ್ನು ಮೈಕಿನಲ್ಲಿ ಹೇಳುವವರಿಗೂ ಸರಿಯಾಗಿ ಗೊತ್ತಿರಲಿಲ್ಲ. ಆದರೂ ಒಂದೊಂದೇ ಮ್ಯಾಚ್ ದಾಟಿ ಫೈನಲ್‌ಗೆ ಬಂದೆವು. ಫೈನಲ್ ಜಯನಗರದಲ್ಲಿ. ಎದುರಿಗೆ ದೊಡ್ಡ ಕಾಲೇಜು. ಅವರಿಗೆ ಬಸ್ಸು, ಎಲ್ಲರಿಗೂ ಒಂದೇ ಬಣ್ಣದ ಟ್ರ್ಯಾಕ್ ಸೂಟು, ಕೋಚು, ಕಾಲು ಒತ್ತಲು ಬೇರೆ ಒಬ್ಬರು. ನಮಗೆ ನನ್ನ ವ್ಯಾನು, ಮೇಡಂ, ಮುಂದಿನ ಸೀಟಿನಲ್ಲಿ ಲಕ್ಷ್ಮಿದೇವಮ್ಮ. ಅವರನ್ನು ಯಾರೂ ಕರೆದಿರಲಿಲ್ಲ. ಅವತ್ತು ಮೋಡ ಇತ್ತು, ಒಣಗಿಸಲು ಏನೂ ಇರಲಿಲ್ಲ, ಅದಕ್ಕೆ ಹತ್ತಿಕೊಂಡರು.

ಅಲ್ಲಿ ಗುಡಿಸಿ, ಗೆರೆ ಎಳೆದು, ಹಗ್ಗ ಕಟ್ಟಿದ ಅಂಕಣ ನೋಡಿ ಅವರಿಗೆ ಬೇಜಾರಾಯಿತು. ಇಷ್ಟು ಜಾಗ ಸುಮ್ಮನೆ ಬಿಟ್ಟಿದ್ದಾರಲ್ಲ, ಒಂದು ಮೊರ ಕಾಳಾದರೂ ಹಾಕಬಹುದಿತ್ತು ಅಂದರು.

ಖಾಲಿ ನೆಲ ಸಿಕ್ಕಿದ್ದೇ ನಮ್ಮ ಹುಡುಗಿಯರಿಗೆ ಹಬ್ಬವಾಯಿತು. ಎದುರಿನವರು ಗಾಳಿಯ ಹಾಗೆ ಬರುತ್ತಿದ್ದರು, ಆದರೆ ಸೀದಾ ಬರುತ್ತಿದ್ದರು. ನಮ್ಮವರು ಯಾಕೆ ತಿರುಗುತ್ತಾರೆ, ಎಲ್ಲಿ ತಿರುಗುತ್ತಾರೆ ಅಂತ ಅವರಿಗೆ ಅರ್ಥವೇ ಆಗಲಿಲ್ಲ. ಅಂಜನಾ ಏನೂ ಇಲ್ಲದ ಕಡೆ ಕಾಲೆತ್ತಿ ದಾಟುತ್ತಿದ್ದಳು. ಹಿಡಿಯಲು ಬಂದವಳು ಅವಳು ದಾಟಿದ್ದೇನು ಅಂತ ನೆಲ ನೋಡುತ್ತಿದ್ದಳು. ಅಷ್ಟರಲ್ಲಿ ಅಂಜನಾ ಆಚೆ ಕಂಬದ ಹತ್ತಿರ. ಕಪ್ ನಮಗೆ ಬಂತು.

ಎದುರಿನ ಕಾಲೇಜಿನ ಕೋಚ್ ನಮ್ಮ ಮೇಡಂ ಹತ್ತಿರ ಬಂದು, ಇದು ಯಾವ ಟ್ರೇನಿಂಗ್ ಅಂತ ಕೇಳಿದರು. ಮೇಡಂ ಸಂಡಿಗೆ ಅಂದರು. ಹೇಳಲು ಇಷ್ಟವಿಲ್ಲ ಅಂದುಕೊಂಡು ಅವರು ನಕ್ಕು ಹೋದರು. ಆಮೇಲೊಂದು ದಿನ ತಾವೇ ಸ್ಕೂಟರಿನಲ್ಲಿ ಹುಳಿಮಾವಿಗೆ ಬಂದು, ಜಾಗದ ಹೊರಗೆ ನಿಂತು ಮೊಬೈಲಿನಲ್ಲಿ ವಿಡಿಯೋ ತೆಗೆಯುತ್ತಿದ್ದರು. ಲಕ್ಷ್ಮಿದೇವಮ್ಮ ಇವನು ಯಾರೋ ಸೈಟ್ ಬ್ರೋಕರ್ ಅಂದುಕೊಂಡು ಕಾಗೆ ಕೋಲು ತೆಗೆದುಕೊಂಡು ಬನ್ನೇರುಘಟ್ಟ ರಸ್ತೆಯ ತನಕ ಓಡಿಸಿದರು. ಇಷ್ಟು ಸೆಕ್ಯೂರಿಟಿ ಇಟ್ಟು ಟ್ರೇನಿಂಗ್ ಮಾಡುವ ಕಾಲೇಜು ತಾನು ನೋಡಿಲ್ಲ ಅಂತ ಆ ಕೋಚ್ ಎಲ್ಲರಿಗೂ ಹೇಳಿಕೊಂಡು ಬಂದರಂತೆ. ಅದರಿಂದಲೂ ನಮ್ಮ ಹೆಸರು ಸ್ವಲ್ಪ ಮೇಲೆ ಹೋಯಿತು.

ಮಿಕ್ಕಿದ್ದನ್ನು ಫ್ಲೆಕ್ಸ್ ಮಾಡಿತು. ಚೇರ್ಮನ್ ಸಾರ್ ಸಿಗ್ನಲ್ ಹತ್ತಿರ ದೊಡ್ಡದೊಂದು ಹಾಕಿಸಿದರು. ಸಾರ್ ಮುಖ ದೊಡ್ಡದು, ಕಪ್ ಅದಕ್ಕಿಂತ ಚಿಕ್ಕದು, ಹುಡುಗಿಯರು ಅವರೆಕಾಳಿನಷ್ಟು. ಮೇಡಂ ಅದರಲ್ಲಿ ಅರ್ಧ ಬಂದಿದ್ದರು, ಇನ್ನರ್ಧದ ಮೇಲೆ ಕಾಲೇಜಿನ ಫೋನ್ ನಂಬರ್ ಕೂತಿತ್ತು. ಲಕ್ಷ್ಮಿದೇವಮ್ಮ ಇರಲೇ ಇಲ್ಲ. ಅವರು ಅದರ ಕೆಳಗೆ ನಿಂತು ನೋಡಿ, ಬಟ್ಟೆ ಗಟ್ಟಿ ಇದೆ, ಬಿಚ್ಚಿದ ಮೇಲೆ ಹಪ್ಪಳ ಹಾಕಲು ಕೊಡ್ತಾರಾ ಅಂತ ನನ್ನನ್ನು ಕೇಳಿದರು.

ಪಿ.ಯು. ರಿಸಲ್ಟ್ ಬಂದ ಮೇಲೆ ಕಾಲೇಜಿನ ಫೋನಿಗೆ ಪುರುಸೊತ್ತೇ ಇರಲಿಲ್ಲ. ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಕಡೆಯಿಂದೆಲ್ಲ ಅಪ್ಪ ಅಮ್ಮಂದಿರು ಬಂದರು. ಬಂದವರಲ್ಲಿ ಖೋ ಖೋ ಆಡುವವರು ಎಷ್ಟು ಜನ ಇದ್ದರೋ ಗೊತ್ತಿಲ್ಲ. ಕಪ್ ಗೆದ್ದ ಕಾಲೇಜಿನಲ್ಲಿ ಶಿಸ್ತು ಇರುತ್ತದೆ ಅಂದರು ಕೆಲವರು. ನನ್ನ ಮಗ ಹಾಸಿಗೆ ಬಿಟ್ಟು ಏಳುವುದಿಲ್ಲ, ಇಲ್ಲಿ ಏಳಿಸುತ್ತೀರಾ ಅಂತ ಕೇಳಿದರು ಒಬ್ಬರು. ಲೆಕ್ಕ ಹೇಳಿಕೊಡುವ ಮೇಷ್ಟ್ರು ಹೊಸದಾಗಿ ಬಂದವರೇನಲ್ಲ, ಬನ್ ವಾಸನೆ ಹಳೆಯದೇ, ಪೈಪ್ ಕೊಯ್ಯುವುದೂ ನಿಂತಿರಲಿಲ್ಲ. ಆದರೂ ಹೋದ ವರ್ಷ ಯಾರಿಗೂ ಬೇಡವಾಗಿದ್ದ ಬಿ.ಕಾಂ.ಗೆ ಈ ವರ್ಷ ಶಿಫಾರಸು ತಂದರು. ನನ್ನ ವ್ಯಾನಿನಲ್ಲಿ ಸೀಟು ಇದೆಯಾ ಅಂತ ಮೊದಲೇ ಕೇಳಿಕೊಂಡು ಹೋದರು.

ಮಕ್ಕಳು ಬಂದರು, ಕೂರಿಸಲು ರೂಮಿಲ್ಲ. ಚೇರ್ಮನ್ ಸಾರ್ ಲಕ್ಷ್ಮಿದೇವಮ್ಮನವರ ಅರ್ಧ ಎಕರೆಯ ಮೇಲೆ ಐದು ಮಹಡಿಯ ಹೊಸ ಕಾಲೇಜು ಕಟ್ಟುವ ಪ್ಲಾನ್ ಹಾಕಿದರು. ಮನೋಜ್‌ನನ್ನು ಕರೆದು ಮಾತಾಡಿದರು. ಮನೋಜ್‌ಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಮ್ಮನ ಒಂದು ಸಹಿ ಬಿದ್ದರೆ ಸಾಕು. ಆದರೆ ಆ ಸಹಿ ಬಿದ್ದರೆ ಗ್ರೌಂಡ್ ಹೋಯಿತು.

ಸಂಘಮಿತ್ರಾ ಮೇಡಂ ಚೇರ್ಮನ್ ರೂಮಿಗೆ ಹೋದರು. ಬಾಗಿಲು ತೆರೆದೇ ಇತ್ತು, ನಾನು ವ್ಯಾನಿನ ಬೀಗದ ಕೈ ಕೊಡಲು ನಿಂತಿದ್ದೆ.

"ಗ್ರೌಂಡ್ ಹೋದ್ರೆ ಟೀಮ್ ಹೋಗುತ್ತೆ ಸಾರ್. ಟೀಮಿಂದಾನೇ ಅಲ್ವಾ ಇಷ್ಟು ಅಡ್ಮಿಷನ್ ಆಗಿರೋದು?"

"ಕಪ್ ಬಂದಾಯ್ತಲ್ಲ ಮೇಡಂ" ಅಂದರು ಸಾರ್. "ಅದನ್ನೇನ್ ವಾಪಸ್ ಇಸ್ಕೊಳ್ತಾರಾ?"

ಆಮೇಲೆ ಸಾರ್ ಸಮಾಧಾನ ಮಾಡುವ ಹಾಗೆ, ಟೆರೇಸಿನ ಮೇಲೆ ಹಸಿರು ಕಾರ್ಪೆಟ್ ಹಾಕಿಸಿಕೊಡುತ್ತೇನೆ ಅಂದರು.

ಮನೆಯಲ್ಲಿ ಮನೋಜ್ ದಿನಾ ಒಂದೇ ರಾಗ ಹಾಡುತ್ತಿದ್ದ. ಮಂಡಿ ನೋವು ಇಟ್ಟುಕೊಂಡು ಬಿಸಿಲಲ್ಲಿ ಬಗ್ಗುವುದು ಯಾಕೆ, ಸಂಡಿಗೆ ಅಂಗಡಿಯಲ್ಲಿ ಸಿಗುತ್ತದೆ ಅನ್ನುತ್ತಿದ್ದ. ಲಕ್ಷ್ಮಿದೇವಮ್ಮ ಆಗುವುದಿಲ್ಲ ಅನ್ನಲಿಲ್ಲ. ನೋಡೋಣ ಅಂದರು. ಅವರು ನೋಡೋಣ ಅಂದದ್ದು ಅದೇ ಮೊದಲು, ಹಾಗಾಗಿ ಎಲ್ಲರೂ ಮುಗಿಯಿತು ಅಂದುಕೊಂಡರು. ಅಂಜನಾ ಅವತ್ತು ಪ್ರಾಕ್ಟೀಸ್ ಬಿಟ್ಟು ಅವರ ಪಕ್ಕ ಬಂದು ಕೂತಳು.

"ಅಜ್ಜಿ, ಸೈನ್ ಹಾಕ್ತೀರಾ?"

"ಹಾಕಿದ್ರೆ ನಿಂಗೇನು? ಬರೋ ವರ್ಷ ಡಿಗ್ರಿ ಮುಗಿಸ್ಕೊಂಡು ಹೋಯ್ತೀಯ. ನಾನೊಬ್ಳೇ ಇಲ್ಲಿ ಕಾಗೆ ಓಡಿಸ್ಕೊಂಡು ಕೂತಿರ್ಲಾ?"

ಅಂಜನಾ ಕೋಲು ತೆಗೆದುಕೊಂಡು ಎದ್ದು ಹೋಗಿ ಕಾಗೆ ಓಡಿಸಿದಳು. ಅವತ್ತು ಅವಳು ಏನೂ ತುಳಿದಿರಲಿಲ್ಲ. ಲಕ್ಷ್ಮಿದೇವಮ್ಮ ಅವಳನ್ನೇ ನೋಡುತ್ತಿದ್ದರು. ಅವರು ಏನು ಯೋಚನೆ ಮಾಡುತ್ತಿದ್ದರೋ ನನಗೆ ಗೊತ್ತಿಲ್ಲ. ಆಮೇಲೆ ಕೇಳಿದೆ, ಹೇಳಲಿಲ್ಲ.

ಮಾರನೇ ದಿನ ಮನೋಜ್ ಕೈಯಲ್ಲಿ ಹೇಳಿ ಕಳಿಸಿದರು. ಚೇರ್ಮನ್ ಸಾರ್ ಜಾಗಕ್ಕೇ ಬಂದು ಮಾತಾಡಬೇಕು. ಅವರ ಮನೆತನದಲ್ಲಿ ಜಮೀನಿನ ಮಾತು ಜಮೀನಿನ ಮೇಲೆಯೇ ಆಗಬೇಕು. ಚಪ್ಪಲಿ ಬಿಟ್ಟು, ಮಣ್ಣಿನ ಮೇಲೆ ನಿಂತು, ಏನು ಕೊಡುತ್ತೇನೆ ಅಂತ ನಾಲ್ಕು ಜನರ ಮುಂದೆ ಹೇಳಿ ವೀಳ್ಯದೆಲೆ ಅಡಿಕೆ ಬದಲಾಯಿಸಿಕೊಳ್ಳಬೇಕು. ರಿಜಿಸ್ಟರ್ ಆಫೀಸು ಆಮೇಲಿನದು. ಹಾಗೆ ಬದಲಾಯಿಸಿದ ಮಾತನ್ನು ಅವರ ಮಾವನವರ ಕಾಲದಿಂದ ಯಾರೂ ಮುರಿದಿಲ್ಲ. ಮನೋಜ್ ಕೂಡ ಅದಕ್ಕೆ ಎದುರಾಡುವುದಿಲ್ಲ.

ಚೇರ್ಮನ್ ಸಾರ್‌ಗೆ ಖುಷಿಯಾಯಿತು. ನಾಲ್ಕು ಜನ ಯಾಕೆ, ಎಲ್ಲರನ್ನೂ ಕರೆಯೋಣ ಅಂದರು. ಅದೇ ಭಾನುವಾರ ಹೊಸ ಅಡ್ಮಿಷನ್‌ನವರ ಅಪ್ಪ ಅಮ್ಮಂದಿರಿಗೆ ಕಾಲೇಜು ತೋರಿಸುವ ಕಾರ್ಯಕ್ರಮ ಇತ್ತು. ಅಡ್ಮಿಷನ್‌ಗೆ ಕೊಡುವ ಪುಸ್ತಕದಲ್ಲಿ ವಿಶಾಲವಾದ ಆಟದ ಮೈದಾನ ಅಂತ ಅಚ್ಚು ಹಾಕಿಸಿದ್ದರು, ಅದನ್ನು ತೋರಿಸಬೇಕಿತ್ತು. ಹೊಸ ಕಟ್ಟಡದ ವಿಷಯ ಹೇಳಬೇಕಿತ್ತು. ಲಕ್ಷ್ಮಿದೇವಮ್ಮನವರ ಜೊತೆ ಮಾತಾಡಬೇಕಿತ್ತು. ಒಂದೇ ಶಾಮಿಯಾನ, ಒಂದೇ ಕಾಫಿ, ಒಬ್ಬನೇ ಫೋಟೋದವನು. ಎಲ್ಲ ಒಟ್ಟಿಗೆ ಆಗಿಹೋಗಲಿ ಅಂದರು.

ಭಾನುವಾರ ನಾನೇ ಅಪ್ಪ ಅಮ್ಮಂದಿರನ್ನು ವ್ಯಾನಿನಲ್ಲಿ ತುಂಬಿಕೊಂಡು ಬಂದೆ. ಮೂರೂವರೆ ಆಗಿತ್ತು. ಹುಡುಗಿಯರು ಆಡುತ್ತಿದ್ದರು. ಮಧ್ಯದಲ್ಲಿ ಮೂರು ಸೀರೆಯ ತುಂಬ ಅಕ್ಕಿ ಸಂಡಿಗೆ. ಲಕ್ಷ್ಮಿದೇವಮ್ಮ ರೇಷ್ಮೆ ಸೀರೆ ಉಟ್ಟು, ತಟ್ಟೆಯಲ್ಲಿ ವೀಳ್ಯದೆಲೆ ಇಟ್ಟುಕೊಂಡು, ಸೆರಗು ಸಿಕ್ಕಿಸಿ, ಸಂಡಿಗೆ ಮಗುಚುತ್ತಿದ್ದರು.

ಅಪ್ಪ ಅಮ್ಮಂದಿರು ಚಪ್ಪಲಿ ಬಿಟ್ಟು ಸುತ್ತ ನಿಂತರು. ಹುಡುಗಿಯರು ಸಂಡಿಗೆಯ ಮಧ್ಯೆ ಮೀನಿನ ಹಾಗೆ ಓಡುವುದನ್ನು ನೋಡಿ ಎಲ್ಲರೂ ಮೊಬೈಲ್ ತೆಗೆದರು. ಬನಶಂಕರಿಯಿಂದ ಬಂದಿದ್ದ ಒಬ್ಬ ತಾಯಿ, ಇದನ್ನು ನೋಡಿಯೇ ಮಗಳು ಇಲ್ಲಿಗೆ ಸೇರುತ್ತೇನೆ ಅಂದದ್ದು, ಯಾರೋ ವಿಡಿಯೋ ಹಾಕಿದ್ದರು ಅಂದರು. ಯಾರು ಹಾಕಿದ್ದು ಅಂತ ನನಗೆ ಗೊತ್ತಾಯಿತು. ಪಾಪ, ಆ ಕೋಚ್ ಓಡುವಾಗ ಮೊಬೈಲ್ ಆಫ್ ಮಾಡಿರಲಿಲ್ಲ ಅನಿಸುತ್ತದೆ.

ಆಗ ಚೇರ್ಮನ್ ಸಾರ್ ಬಂದರು. ಹೊಸ ಶೂ ಹಾಕಿದ್ದರು. ಹಿಂದೆ ಇಬ್ಬರು ಐದು ಮಹಡಿಯ ಬಿಲ್ಡಿಂಗಿನ ಚಿತ್ರ ಇದ್ದ ಫ್ಲೆಕ್ಸ್ ಹಿಡಿದಿದ್ದರು. ಫೋಟೋದವನು ಬಿಲ್ಡಿಂಗ್ ಪೂರ್ತಿ ಬರುತ್ತಿಲ್ಲ, ಸ್ವಲ್ಪ ಹಿಂದೆ ಹೋಗಿ ಸಾರ್ ಅಂದ. ಸಾರ್ ಹಿಂದೆ ಹೋದರು. ಐದನೇ ಮಹಡಿ ಬರುತ್ತಿಲ್ಲ, ಇನ್ನೂ ಸ್ವಲ್ಪ ಅಂದ. ಸಾರ್ ನಗುಮುಖ ಹಾಗೇ ಇಟ್ಟುಕೊಂಡು ಇನ್ನೂ ಹಿಂದೆ ಹೋದರು. ಅಂಜನಾ ಸಾರ್, ಸಾರ್ ಅಂದಳು. ಸಾರ್ ಅವಳಿಗೂ ನಗುಮುಖ ತೋರಿಸಿದರು. ಆಮೇಲೆ ಚಟಚಟ ಅಂತ ಸದ್ದು ಬಂತು. ಏನದು ಅಂತ ಗಾಬರಿಯಾಗಿ ಅವರು ತಿರುಗಲು ಹೋಗಿ, ಶೂ ಜಾರಿ, ಮಧ್ಯದ ಸೀರೆಯ ಮೇಲೆ ಕೂತುಬಿಟ್ಟರು. ಫ್ಲೆಕ್ಸ್ ಹಿಡಿದವರು ಏನು ಮಾಡಬೇಕು ಅಂತ ತೋಚದೆ ಹಾಗೇ ಹಿಡಿದುಕೊಂಡಿದ್ದರು. ಫೋಟೋದಲ್ಲಿ ಐದು ಮಹಡಿಯೂ ಬಂದಿದೆ.

ಯಾರೂ ನಗಲಿಲ್ಲ. ಲಕ್ಷ್ಮಿದೇವಮ್ಮ ಏನು ಅನ್ನುತ್ತಾರೋ ಅಂತ ಎಲ್ಲರಿಗೂ ಭಯ. ಅಷ್ಟರಲ್ಲಿ ಬನಶಂಕರಿಯ ಆ ತಾಯಿ ಫ್ಲೆಕ್ಸ್ ಓದಿ ಮುಗಿಸಿದ್ದರು.

"ಸಾರ್, ಈ ಬಿಲ್ಡಿಂಗ್ ಎಲ್ಲಿ ಬರುತ್ತೆ?"

"ಇಲ್ಲೇ ಮೇಡಂ" ಅಂದರು ಸಾರ್, ಕೂತಲ್ಲಿಂದಲೇ.

"ಮತ್ತೆ ಗ್ರೌಂಡು?"

ಸಾರ್ ಟೆರೇಸ್ ಅಂದರು. ಐದನೇ ಮಹಡಿಯ ಮೇಲೆ ಖೋ ಖೋನಾ ಅಂತ ಹಿಂದಿನಿಂದ ಒಬ್ಬರು ಕೇಳಿದರು. ತಪ್ಪಿಸಿಕೊಂಡು ಓಡಿದವರು ಎಲ್ಲಿಗೆ ಓಡಬೇಕು ಅಂದರು ಇನ್ನೊಬ್ಬರು. ಗ್ರೌಂಡ್ ಇಲ್ಲದಿದ್ದರೆ ನಮ್ಮ ಮನೆ ಹತ್ತಿರದ ಕಾಲೇಜೇ ಆಗಬಹುದಲ್ಲ ಅಂತ ಗಂಡ ಹೆಂಡತಿ ತಮ್ಮತಮ್ಮಲ್ಲೇ ಮಾತಾಡಿಕೊಳ್ಳಲು ಶುರು ಮಾಡಿದರು. ಒಬ್ಬರು ಚಪ್ಪಲಿ ಹುಡುಕಿದರು.

ಲಕ್ಷ್ಮಿದೇವಮ್ಮ ತಟ್ಟೆ ಹಿಡಿದುಕೊಂಡು ಚೇರ್ಮನ್ ಸಾರ್ ಮುಂದೆ ಬಂದು ನಿಂತರು. ಸಂಡಿಗೆ ಕಡೆ ನೋಡಲೂ ಇಲ್ಲ.

"ಈ ಮಕ್ಕಳು ಎರಡು ವರ್ಸದಿಂದ ಇದರ ಮಧ್ಯೆನೇ ಓಡ್ತಾವ್ರೆ. ನೀವು ಒಂದ್ಸಲ ನಿಂತ್ಕೊಂಡ್ರಿ ಅಷ್ಟೇ" ಅಂದರು. "ಇರ್ಲಿ. ತಾಂಬೂಲ ತಂದಿವ್ನಿ. ಯಾವುದುಕ್ಕೆ ಕೊಡ್ಲಿ ಯೇಳಿ, ಬಿಲ್ಡಿಂಗಿಗಾ, ಗ್ರೌಂಡಿಗಾ? ಇವರೆಲ್ಲರ ಮುಂದೆ ಯೇಳ್ಬುಡಿ."

ಸಾರ್ ಅಪ್ಪ ಅಮ್ಮಂದಿರ ಕಡೆ ನೋಡಿದರು. ಚಪ್ಪಲಿ ಹುಡುಕುತ್ತಿದ್ದವರ ಕಡೆ ಸ್ವಲ್ಪ ಹೆಚ್ಚು ಹೊತ್ತು ನೋಡಿದರು. ಆಮೇಲೆ ಕೂತಲ್ಲೇ ಶೂ ಬಿಚ್ಚಿ ಪಕ್ಕಕ್ಕಿಟ್ಟು, ಎರಡು ಕೈ ಚಾಚಿದರು.

"ಗ್ರೌಂಡಿಗೇ ಕೊಡಿ ಅಮ್ಮ."

ಎಲ್ಲರೂ ಚಪ್ಪಾಳೆ ತಟ್ಟಿದರು. ಸಂಘಮಿತ್ರಾ ಮೇಡಂ ಶಾಮಿಯಾನದ ಕಂಬ ಹಿಡಿದುಕೊಂಡು ಅಳುತ್ತಿದ್ದರು. ಮನೋಜ್ ಬಾಯಿ ತೆರೆದವನು ತಾಂಬೂಲ ನೋಡಿ ಮುಚ್ಚಿಕೊಂಡ. ಚೇರ್ಮನ್ ಸಾರ್ ಎದ್ದು ಮೈಕ್ ಹಿಡಿದು, ಆಟದ ಮೈದಾನ ಉಳಿಸುವುದು ಮೊದಲಿನಿಂದಲೂ ತಮ್ಮ ಕನಸು ಅಂತ ಭಾಷಣ ಮಾಡಿದರು. ಪ್ಯಾಂಟಿನ ಹಿಂದೆ ಸಂಡಿಗೆ ಪುಡಿ ಇತ್ತು. ಹೇಳಲು ಯಾರಿಗೂ ಮನಸ್ಸು ಬರಲಿಲ್ಲ.

ಕ್ಲಾಸಿಗೆ ರೂಮು ಬೇಕೇ ಬೇಕಿತ್ತಲ್ಲ, ಅದಕ್ಕೆ ಸಾರ್ ಲಕ್ಷ್ಮಿದೇವಮ್ಮನವರ ನಾಲ್ಕು ಮಹಡಿಯಲ್ಲೇ ಎರಡು ಮಹಡಿ ಬಾಡಿಗೆಗೆ ಹಿಡಿದರು. ಮನೋಜ್‌ಗೂ ಸಮಾಧಾನವಾಯಿತು. ಆ ವರ್ಷ ಟೂರ್ನಮೆಂಟಿನಲ್ಲಿ ನಾವು ಸೆಮಿಫೈನಲ್‌ನಲ್ಲಿ ಸೋತೆವು. ಅವತ್ತು ಎದುರಿನವರು ನಮಗಿಂತ ಚೆನ್ನಾಗಿ ಆಡಿದರು, ಅಷ್ಟೇ. ಸೋತದ್ದನ್ನು ಯಾರೂ ಕೇಳಲಿಲ್ಲ. ಸಿಗ್ನಲ್ ಹತ್ತಿರ ಗೆದ್ದ ವರ್ಷದ ಫ್ಲೆಕ್ಸ್ ಇನ್ನೂ ಇಳಿಸಿಲ್ಲ, ಅಡ್ಮಿಷನ್ ಕಡಿಮೆಯಾಗಿಲ್ಲ.

ಅಂಜನಾ ಮತ್ತು ಅವಳ ಜೊತೆಯವರು ಡಿಗ್ರಿ ಮುಗಿಸಿ ಹೋದರು. ಒಬ್ಬಳು ಬ್ಯಾಂಕಿಗೆ, ಒಬ್ಬಳು ಪೊಲೀಸ್ ಟ್ರೇನಿಂಗಿಗೆ. ಅಂಜನಾ ಮೈಸೂರಿನಲ್ಲಿ ಆಟದ ಟೀಚರ್ ಆಗಲು ಓದುತ್ತಿದ್ದಾಳೆ. ಹೊಸ ಹುಡುಗಿಯರು ಚೆನ್ನಾಗಿ ಓಡುತ್ತಾರೆ, ಆದರೆ ಲಕ್ಷ್ಮಿದೇವಮ್ಮನವರನ್ನು ಕಂಡರೆ ಹೆದರುತ್ತಾರೆ, ಹತ್ತಿರ ಬಂದು ಕೂರುವುದಿಲ್ಲ. ಅವರಿಗೆ ಬೈಯಲು ಸಲಿಗೆಯವರು ಯಾರೂ ಇಲ್ಲ. ಮಧ್ಯಾಹ್ನ ನಾನು ವ್ಯಾನ್ ನಿಲ್ಲಿಸಿ ಸ್ವಲ್ಪ ಹೊತ್ತು ಕೂರುತ್ತೇನೆ, ಆದರೆ ನನಗೆ ಹೆಚ್ಚು ಮಾತು ಬರುವುದಿಲ್ಲ. ಅವರಿಗೆ ಮಾತು ಬೇಕು. ನೀವು ಆ ಕಡೆ ಬಂದರೆ ಒಂದು ಸಲ ಹೋಗಿ ಮಾತಾಡಿಸಿ. ಹುಳಿಮಾವು ಕೆರೆ ದಾಟಿ ಯಾರನ್ನು ಕೇಳಿದರೂ ಜಾಗ ತೋರಿಸುತ್ತಾರೆ. ಮೂರರ ಮೇಲೆ ಹೋಗಿ, ಮಕ್ಕಳಿದ್ದರೆ ಅವರನ್ನೂ ಕರೆದುಕೊಂಡು ಹೋಗಿ. ಮಂಡಿ ನೋವು ಹೇಗಿದೆ ಅಂತ ಕೇಳಿ ಸಾಕು, ಮಿಕ್ಕಿದ್ದನ್ನೆಲ್ಲ ಅವರೇ ಹೇಳುತ್ತಾರೆ.